ಫಿಲಿಪ್ಪೀನ್ ಯೋಧರ ಋಣ

ಕಾದಿ ಮಡಿದವನ ಮನೆಯವರಿಗೆ ಬಿಟ್ಟುಕೊಡುತ್ತಿದ್ದ ಭೂಮಿಯನ್ನು ನಮ್ಮ ಶಾಸನಗಳು ನೆತ್ತರುಗೊಡಗೆಯೆಂದು ಕರೆದಿವೆ. ಈಗಿನ ರಾಜ್ಯಗಳಲ್ಲಿ ಆ ಸ್ಥಾನವು ಪಿಂಚಣಿಗೆ ಬಂದಿದೆ. ಯೋಧನನ್ನು ಸೇವೆಗೆ ಕರೆದ ದಿನವೇ ಹುಟ್ಟುವ ಋಣವಿದು. ಬಲಿಷ್ಠವಾದ ರಾಜ್ಯವೊಂದು ಇಂಥ ಋಣವನ್ನು ಕಾನೂನಿನ ಒಂದೇ ವಾಕ್ಯದಿಂದ ಹೇಗೆ ತೊಡೆದುಹಾಕಬಲ್ಲುದೆಂಬುದಕ್ಕೆ ಫಿಲಿಪ್ಪೀನ್ ಯೋಧರ ವೃತ್ತಾಂತವು ನಿದರ್ಶನವಾಗಿದೆ.

ಫಿಲಿಪ್ಪೀನ್ ದ್ವೀಪಗಳು 1898ರಲ್ಲಿ ಸ್ಪೇನಿನ ಕೈಯಿಂದ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ವಶವಾದುವು. 1935ರಲ್ಲಿ ಆಂತರಿಕ ಸ್ವಯಮಾಡಳಿತವು ದೊರೆತರೂ ಪರಮಾಧಿಕಾರವು ಅಮೆರಿಕಾದಲ್ಲಿಯೇ ಉಳಿಯಿತು. ಜಪಾನಿನೊಡನೆ ಯುದ್ಧವು ಸಮೀಪಿಸಲು, 1941ನೆಯ ಜುಲೈ 26ರಂದು ಅಧ್ಯಕ್ಷ ರೂಸ್‌ವೆಲ್ಟರು ಆ ದ್ವೀಪಗಳ ಸೈನ್ಯವನ್ನು ಅಮೆರಿಕಾದ ಸೇವೆಗೆ ಕರೆದು ಆಜ್ಞೆಯನ್ನು ಹೊರಡಿಸಿದರು. ಯುದ್ಧವು ಮುಗಿಯುವುದರೊಳಗೆ ಎರಡೂವರೆ ಲಕ್ಷಕ್ಕೂ ಮಿಕ್ಕ ಫಿಲಿಪ್ಪೀನರು ಆ ಧ್ವಜದ ಕೆಳಗೆ ಸೇವೆ ಸಲ್ಲಿಸಿದ್ದರು. 1942ನೆಯ ಏಪ್ರಿಲ್ 9ರಂದು ಬಟಾನ್ ಬಿದ್ದಾಗ ಸೆರೆಸಿಕ್ಕ ಸುಮಾರು 75 ಸಾವಿರ ಮಂದಿಯಲ್ಲಿ ಬಹುಪಾಲಿನವರು ಅವರೇ. ಬಿಸಿಲಿನಲ್ಲಿ ಅನ್ನನೀರಿಲ್ಲದೆ ನೂರು ಕಿಲೋಮೀಟರಿನಷ್ಟು ದೂರ ನಡೆಯಿಸಲ್ಪಟ್ಟು ಸಹಸ್ರಾರು ಮಂದಿ ದಾರಿಯಲ್ಲಿಯೇ ಪ್ರಾಣಬಿಟ್ಟರು. ಬೆಟ್ಟಕಾಡುಗಳನ್ನು ಸೇರಿದವರು ಗೆರಿಲ್ಲಾ ಪಡೆಗಳನ್ನು ಕಟ್ಟಿ 1945ರ ವರೆಗೂ ಹೋರಾಡಿದರು.

ಜಯವು ದೊರೆತ ಮರುವರ್ಷವೇ, 1946ನೆಯ ಫೆಬ್ರವರಿ 18ರಂದು, ಋಣದ ಮಾತು ತಿರುಗಿತು. ಯುದ್ಧವೆಚ್ಚದ ಉಳಿಕೆಯನ್ನು ಹಿಂದಕ್ಕೆ ಪಡೆಯುವ ಶಾಸನವೊಂದರಲ್ಲಿ ಫಿಲಿಪ್ಪೀನ್ ಸೈನ್ಯಕ್ಕೆ 20 ಕೋಟಿ ಡಾಲರುಗಳನ್ನು ಕೊಡುವುದೆಂದು ಬರೆದು, ಅದರೊಡನೆ ಒಂದು ನಿಬಂಧನೆಯನ್ನು ಸೇರಿಸಲಾಯಿತು: ಆ ಸೈನಿಕರ ಸೇವೆಯನ್ನು ಮಾಜಿ ಯೋಧರ ಸೌಲಭ್ಯಗಳ ಮಟ್ಟಿಗೆ ಅಮೆರಿಕಾದ ಸಕ್ರಿಯ ಸೈನಿಕಸೇವೆಯೆಂದು ಎಣಿಸತಕ್ಕದ್ದಲ್ಲ. ಅಂಗವಿಕಲರಾದವರಿಗೂ ಮಡಿದವರ ಕುಟುಂಬಗಳಿಗೂ ಸ್ವಲ್ಪ ಪರಿಹಾರವನ್ನು ಉಳಿಸಿದರೂ, ಒಂದು ಡಾಲರಿಗೆ ಪ್ರತಿಯಾಗಿ ಒಂದು ಪೆಸೊವಿನಂತೆ ಲೆಕ್ಕಮಾಡಿದರು. ಆಗ ಪೆಸೊವಿನ ಬೆಲೆ ಅರ್ಧ ಡಾಲರು. ಒಂದೇ ಕಂದಕದಲ್ಲಿ ಕಾಲು ಕಳೆದುಕೊಂಡ ಇಬ್ಬರಲ್ಲಿ ಫಿಲಿಪ್ಪೀನನ ಕಾಲಿಗೆ ಅರ್ಧಬೆಲೆ ಎಂದಂತಾಯಿತು. ದ್ವೀಪಗಳು ಸ್ವತಂತ್ರವಾಗಲಿರುವುವು, ವೆಚ್ಚವು ಅಪಾರವಾಗುವುದು ಎಂಬುವು ಕಾರಣಗಳು. ಅಧ್ಯಕ್ಷ ಟ್ರೂಮನರು ರುಜುಮಾಡಿದರು. ಆದರೆ ಈ ಯೋಧರ ವಿಷಯದಲ್ಲಿ ಅಮೆರಿಕಾದ ನೈತಿಕ ಹೊಣೆಯು ಇದರಿಂದ ತೀರುವುದಿಲ್ಲವೆಂದೂ ತಿಳಿಸಿದರು. ಹೊಣೆಯನ್ನು ಒಪ್ಪಿದವರೇ ರುಜುಮಾಡಿದುದು ಶೋಚನೀಯ.

ಅನಂತರ ಕಾಲವು ತನ್ನ ಕೆಲಸವನ್ನು ಮಾಡಿತು. 1990ರ ಶಾಸನದಿಂದ ಅನೇಕ ವೃದ್ಧ ಯೋಧರಿಗೆ ಅಮೆರಿಕಾದ ಪೌರತ್ವವು ಲಭಿಸಿತು. 2009ರಲ್ಲಿ, ಎಂದರೆ ಅರುವತ್ತಮೂರು ವರ್ಷಗಳ ತರುವಾಯ, ಪೌರರಾದವರಿಗೆ 15,000 ಡಾಲರು, ಉಳಿದವರಿಗೆ 9,000 ಡಾಲರು ಒಂದೇ ಸಲ ಕೊಡುವುದೆಂದು ವಿಧಿಸಲಾಯಿತು. ಅರ್ಜಿಗೆ ಒಂದು ವರ್ಷದ ಅವಧಿ. ಸುಮಾರು 42 ಸಾವಿರ ಅರ್ಜಿಗಳು ಬಂದುವು. ಅವುಗಳಲ್ಲಿ ಅರ್ಧಕ್ಕೂ ಮಿಕ್ಕವು ತಿರಸ್ಕೃತವಾದುವು. ಯುದ್ಧಾನಂತರ ಅಮೆರಿಕಾದ ಸೇನೆಯು ಸಿದ್ಧಪಡಿಸಿ, ಮಿಸ್ಸೂರಿ ಪ್ರಾಂತದ ಸೇಂಟ್ ಲೂಯಿಸಿನಲ್ಲಿ ಇರಿಸಿದ ದಾಖಲೆಗಳಲ್ಲಿ ಹೆಸರಿರಬೇಕೆಂಬುದೇ ಮುಖ್ಯ ತೊಡಕು. ಶತ್ರುವಿನ ಕೈಗೆ ಸಿಕ್ಕೀತೆಂದು ಗೆರಿಲ್ಲಾ ಪಡೆಗಳವರು ಪಟ್ಟಿಗಳನ್ನು ಸುಟ್ಟಿದ್ದರು, ಹೂತಿದ್ದರು. ಕೆಲವರು ಮರೆಹೆಸರಿನಿಂದ ಕಾದಿದ್ದರು. ಒಡನಾಡಿಗಳನ್ನು ಕಾಪಾಡಿದ ಆ ಎಚ್ಚರಿಕೆಯೇ ಮುಪ್ಪಿನಲ್ಲಿ ಅವರ ಹಕ್ಕಿಗೆ ಮುಳುವಾಯಿತು. ಫಿಲಿಪ್ಪೀನ್ ಸರಕಾರವು ಕೊಟ್ಟ ಪ್ರಮಾಣಪತ್ರವಿದ್ದರೂ ಸಾಲದಾಯಿತು.

ವಿಧವೆಯರ ಪಾಡು ಇನ್ನೂ ಕಠಿಣ. ಅರ್ಜಿ ಸಲ್ಲಿಸಿದ ಮೇಲೆ ಯೋಧನು ತೀರಿಕೊಂಡಿದ್ದರೆ ಮಾತ್ರ ಆ ಹಣವು ಹೆಂಡತಿಗೆ ಸಲ್ಲುತ್ತಿದ್ದಿತು. ಕಾನೂನಿಗಾಗಿ ಕಾದು ಮುನ್ನವೇ ಕಣ್ಮುಚ್ಚಿದವನ ಹೆಂಡತಿಗೆ ಏನೂ ಇಲ್ಲ. ವಿಳಂಬ ಮಾಡಿದವರು ರಾಜ್ಯದವರು, ದಂಡ ತೆತ್ತವಳು ಅವಳು.

2017ರ ಅಕ್ಟೋಬರಿನಲ್ಲಿ ಅಮೆರಿಕಾದ ಶಾಸನಸಭೆಯು ಈ ಯೋಧರಿಗೆ ತನ್ನ ಅತ್ಯುನ್ನತ ಗೌರವವಾದ ಚಿನ್ನದ ಪದಕವನ್ನು ಸಮರ್ಪಿಸಿತು. ಗೌರವವು ಉಚಿತವೇ. ಆದರೆ ಕರೆದಾಗ ಯಾವ ದಾಖಲೆಯನ್ನೂ ಕೇಳದ ರಾಜ್ಯವು ಕೊಡುವಾಗ ಪ್ರತಿಯೊಂದು ಅಕ್ಷರವನ್ನೂ ಕೇಳಿತೆಂಬುದನ್ನು ಇತಿಹಾಸವು ಮರೆಯಲಾರದು. ಸೈನ್ಯವನ್ನು ಇಟ್ಟಿರುವ ಪ್ರತಿಯೊಂದು ಜನಾಂಗವೂ ಈ ಲೆಕ್ಕವನ್ನು ತನ್ನ ಮನೆಯಲ್ಲಿಯೂ ಒಮ್ಮೆ ತೆಗೆದು ನೋಡತಕ್ಕದ್ದು.