ಜೇನು ಪೆಟ್ಟಿಗೆಯ ನೆರೆಹೊರೆ

ನಾಸಿಕದ ಕಡೆಯಿಂದ ವೇರೂಳದ ಗುಹೆಗಳನ್ನು ನೋಡಲು ಹೊರಡುವ ನಮ್ಮವರು ಸಾಮಾನ್ಯವಾಗಿ ಯೇವಲೆಯನ್ನು ದಾಟಿ ವೈಜಾಪುರದ ಮೇಲೆ ಹಾಯುತ್ತಾರೆ. ಎಲ್ಲರ ಮನಸ್ಸೂ ಮುಂದಿರುವ ಕೈಲಾಸ ದೇವಾಲಯದಲ್ಲಿ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಹೆಸರನ್ನು ಮಕ್ಕಳಿಗೆ ಹೇಳಿಕೊಡುವ ಸಡಗರದಲ್ಲಿ ದಾರಿಯ ಎರಡೂ ಬದಿಯ ಹೊಲಗಳನ್ನು ಯಾರೂ ಗಮನಿಸುವುದಿಲ್ಲ. ನಾವೂ ಹಿಂದೆ ಹಾಗೆಯೇ ಹೋಗಿ ಬಂದವರೇ. ಆದರೆ ಒಂದು ಸಲ ಹೋಳಿಯ ಮುಂಚಿನ ವಾರದಲ್ಲಿ ಹೋದಾಗ, ಚಹಕ್ಕೆಂದು ಇಳಿದ ಕಡೆ, ಹೊಲವೊಂದರಲ್ಲಿ ಮೊಣಕಾಲೆತ್ತರದ ದಂಟುಗಳ ಮೇಲೆ ಬಿಳಿಯ ಚೆಂಡುಗಳನ್ನು ಸಾಲಾಗಿ ನಿಲ್ಲಿಸಿದಂತೆ ಕಂಡಿತು. ಬೀಜಕ್ಕೆಂದು ಬಿಟ್ಟ ಈರುಳ್ಳಿ ಹೂವಿಗೆ ಬಂದಿತ್ತು. ಬದುವಿನ ಮೇಲೆ ಹತ್ತು ಹನ್ನೆರಡು ಮರದ ಪೆಟ್ಟಿಗೆಗಳು. ಜೇನು ಪೆಟ್ಟಿಗೆಗಳು!

ಈರುಳ್ಳಿಗೂ ಜೇನಿಗೂ ಏನು ಸಂಬಂಧ ಎಂದು ನಮ್ಮ ಜೊತೆಯಲ್ಲಿದ್ದವರೊಬ್ಬರು ನಕ್ಕರು. ಸಂಬಂಧ ಬಹಳ ಇದೆ. ಈರುಳ್ಳಿಯ ಆ ಒಂದು ಚೆಂಡಿನಲ್ಲಿ ನೂರಾರು ಪುಟ್ಟ ಹೂಗಳು. ಒಂದೊಂದು ಹೂವಿನಲ್ಲಿಯೂ ಪರಾಗ ಮೊದಲು ಉದುರಿ ಹೋಗುತ್ತದೆ, ಅದನ್ನು ಸ್ವೀಕರಿಸಬೇಕಾದ ಶಲಾಕೆ ಆಮೇಲೆ ಸಿದ್ಧವಾಗುತ್ತದೆ. ಆದ್ದರಿಂದ ತನ್ನ ಪರಾಗ ತನಗೇ ಒದಗದು. ಮತ್ತೊಂದು ಹೂವಿನಿಂದ ಯಾರಾದರೂ ತಂದು ಕೊಡಬೇಕು. ನೊಣ ಬಾರದಿದ್ದರೆ ಚೆಂಡು ಒಣಗಿ ಜೊಳ್ಳಾಗುತ್ತದೆ. ಬೆಲ್ಲದ ನೀರು ಚಿಮುಕಿಸಿ ನೊಣಗಳನ್ನು ಕರೆಯುವ ಉಪಾಯವನ್ನೂ ಈ ಕಡೆಯ ರೈತರು ಮಾಡುವುದುಂಟು. ಅದೂ ಸಾಲದೆಂದು ಕಂಡವರು ಪೆಟ್ಟಿಗೆಗಳನ್ನು ಬಾಡಿಗೆಗೆ ತರಿಸುತ್ತಾರೆ.

ವೈಜಾಪುರ ತಾಲೂಕಿನ ತೆಂಕಣ ಅಂಚಿನಲ್ಲಿ ಗೋದಾವರಿ ಹರಿಯುತ್ತದೆ. ಕನ್ನಡ ನಾಡಿನ ಬಡಗಣ ಮೇರೆಯೆಂದು ಕವಿರಾಜಮಾರ್ಗವು ಹೆಸರಿಸಿದ ನದಿ ಇದೇ. ತೆಂಕಣ ಮೇರೆ ಕಾವೇರಿ. ಆ ಕಾವೇರಿ ಹುಟ್ಟುವ ತಲಕಾವೇರಿಯ ಬುಡದಲ್ಲಿರುವ ಭಾಗಮಂಡಲ ಜೇನಿಗೆ ಹೆಸರಾದ ಊರು. ಹೀಗೆ ಒಂದು ಮೇರೆಯಲ್ಲಿ ನಿಂತಾಗ ಇನ್ನೊಂದು ಮೇರೆಯ ನೆನಪಾದದ್ದು ಸಹಜವೇ. ಕೊಡಗು ಮತ್ತು ದಕ್ಷಿಣ ಕನ್ನಡಗಳಲ್ಲಿ ಪೆಟ್ಟಿಗೆಯ ಜೇನು ಬೆಳೆದು ಬಂದ ಕಥೆಯನ್ನು ನಮ್ಮ ಓದುಗರಲ್ಲಿ ಹಿರಿಯರು ಕಣ್ಣಾರೆ ಕಂಡಿರಬಹುದು. ನಗರದಲ್ಲಿ ಹುಟ್ಟಿದ ಮಕ್ಕಳಿಗೆ ಮಾತ್ರ ಜೇನೆಂದರೆ ಅಂಗಡಿಯ ಸೀಸೆ.

ಜೇನು ನಮ್ಮವರಿಗೆ ಹೊಸದಲ್ಲ. ಬಂಡೆಗೂ ಎತ್ತರದ ಮರಕ್ಕೂ ಜೋತುಬೀಳುವ ಹೆಜ್ಜೇನು, ಕಡ್ಡಿಗೆ ಅಂಟಿ ಕೂರುವ ಕೋಲು ಜೇನು, ಗೋಡೆಯ ಬಿರುಕಿನಲ್ಲಿ ಸೇರುವ ಮುಜಂಟಿ, ಮರದ ಪೊಟರೆಯಲ್ಲಿ ಕತ್ತಲನ್ನು ಬಯಸಿ ಕೂರುವ ತುಡುವೆ, ಎಲ್ಲಕ್ಕೂ ಹಳ್ಳಿಯವರಲ್ಲಿ ಹೆಸರಿತ್ತು. ಜೇನು ಕುರುಬರಂತಹ ಒಂದು ಜನಾಂಗಕ್ಕೆ ಅದರಿಂದಲೇ ಹೆಸರು ಬಂತು. ಇವುಗಳಲ್ಲಿ ಕತ್ತಲಿನಲ್ಲಿ ಹಲವು ಎರಿಗಳನ್ನು ಒಂದರ ಪಕ್ಕದಲ್ಲೊಂದು ಕಟ್ಟುವ ತುಡುವೆಯನ್ನು ಮನೆಗೆ ತಂದು ಸಾಕಬಹುದು. ಹಿಂದೆ ಅದನ್ನು ಮಡಕೆಯಲ್ಲೋ ಟೊಳ್ಳು ದಿಮ್ಮಿಯಲ್ಲೋ ಕೂರಿಸುತ್ತಿದ್ದರು. ಆದರೆ ತುಪ್ಪ ಬೇಕೆಂದರೆ ಹೊಗೆ ಹಾಕಿ, ಎರಿ ಕಿತ್ತು, ಮರಿಹುಳುಗಳ ಸಮೇತ ಹಿಂಡಬೇಕಿತ್ತು. ಜೇನು ಕಿತ್ತವನು ಕೈ ನೆಕ್ಕದೇ ಇರುತ್ತಾನೆಯೇ ಎಂಬ ಗಾದೆ ಇದೆಯಲ್ಲ, ಕಿತ್ತದ್ದರ ಕಥೆಯನ್ನು ಅದು ಹೇಳುತ್ತದೆ. ಕಿತ್ತ ಮೇಲೆ ನೊಣದ ಗತಿ ಏನಾಯಿತೆಂದು ಹೇಳುವುದಿಲ್ಲ.

ಈ ಹಿಂಡುವ ಪದ್ಧತಿಯನ್ನು ತಪ್ಪಿಸಿದ್ದು ಮೂರು ಸಣ್ಣ ಸಂಶೋಧನೆಗಳು, ಮೂರೂ ಹದಿನೈದು ವರ್ಷಗಳ ಒಳಗಿನವು. 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿಯು, ಎರಿಯ ಸುತ್ತ ಒಂದು ಇಂಚಿನ ಎಂಟರಲ್ಲಿ ಮೂರು ಪಾಲಿನಷ್ಟು ಸಂದು ಬಿಟ್ಟರೆ ನೊಣಗಳು ಆ ಸಂದನ್ನು ಮೇಣದಿಂದ ಮುಚ್ಚದೆ ಓಡಾಟಕ್ಕೆ ಬಿಡುತ್ತವೆ ಎಂಬುದನ್ನು ಬಳಕೆಗೆ ತಂದ. ಅಂದರೆ ಚೌಕಟ್ಟುಗಳನ್ನು ಪುಸ್ತಕದ ಹಾಳೆಯಂತೆ ಎತ್ತಿ ನೋಡಿ ಮತ್ತೆ ಇಡಬಹುದಾಯಿತು. 1857ರಲ್ಲಿ ಜರ್ಮನಿಯ ಮೇರಿಂಗ್ ಎಂಬಾತ ಮೇಣದ ಹಾಳೆಯ ಮೇಲೆ ಆರು ಮೂಲೆಯ ಅಚ್ಚು ಒತ್ತಿದ. 1865ರಲ್ಲಿ ಹ್ರುಷ್ಕಾ ಎಂಬ ಸೈನ್ಯಾಧಿಕಾರಿ ಎರಿಯನ್ನು ಗಿರಗಿರನೆ ತಿರುಗಿಸಿ ತುಪ್ಪವನ್ನಷ್ಟೇ ಸಿಡಿಸಿ ತೆಗೆಯುವ ಯಂತ್ರ ಮಾಡಿದ. ಎರಿ ಹಾಳಾಗದು, ಮರಿ ಸಾಯದು. ಖಾಲಿ ಎರಿಯನ್ನು ಮರಳಿ ಕೊಟ್ಟರೆ ನೊಣ ಮತ್ತೆ ತುಂಬುತ್ತದೆ.

ಇದನ್ನು ನಮ್ಮ ನೊಣಕ್ಕೆ ಹೊಂದಿಸಿದವರೂ ಒಬ್ಬ ಪಾದ್ರಿಗಳೇ. ಪಾದ್ರಿಗಳಿಗೂ ಜೇನಿಗೂ ಅದೇನು ನಂಟೋ! ಯುರೋಪಿನ ನೊಣಕ್ಕಿಂತ ನಮ್ಮ ತುಡುವೆ ಚಿಕ್ಕದು, ಅದರ ಸಂಸಾರವೂ ಚಿಕ್ಕದು. ದೊಡ್ಡ ಪೆಟ್ಟಿಗೆಯಲ್ಲಿ ಅದು ಬಾಳದು. ಬಂಗಾಳದಲ್ಲಿ 1882ರಿಂದಲೇ ಪ್ರಯತ್ನಗಳು ನಡೆದರೂ ಫಲ ಕಾಣಲಿಲ್ಲ. ತಿರುಚಿರಾಪಳ್ಳಿಯ ಜೆಸ್ಯೂಟ್ ಪಾದ್ರಿ ನ್ಯೂಟನ್ನರು ಏಳು ಚೌಕಟ್ಟುಗಳ ಪುಟ್ಟ ಪೆಟ್ಟಿಗೆಯನ್ನು ರೂಪಿಸಿ, 1911ರಿಂದ 1917ರವರೆಗೆ ಹಳ್ಳಿಗರಿಗೆ ಕಲಿಸಿದರು. ನ್ಯೂಟನ್ ಪೆಟ್ಟಿಗೆ ಎಂಬ ಹೆಸರು ಇಂದಿಗೂ ನಮ್ಮ ಮಲೆನಾಡಿನ ಬಡಗಿಗಳ ಬಾಯಲ್ಲಿದೆ. ಅಲ್ಲಿಂದ ಈ ವಿದ್ಯೆ 1917ರಲ್ಲಿ ತಿರುವಾಂಕೂರಿಗೆ, 1925ರಲ್ಲಿ ಮೈಸೂರಿಗೆ, 1934ರಲ್ಲಿ ಕೊಡಗಿಗೆ ಬಂತು. ನಡುವೆ 1928ರಲ್ಲಿ ಕೃಷಿಯ ರಾಯಲ್ ಕಮಿಷನ್ ಜೇನು ಸಾಕಣೆಯನ್ನು ಗೃಹಕೈಗಾರಿಕೆಯಾಗಿ ಬೆಳೆಸಬಹುದೆಂದು ಹೇಳಿತ್ತು, ಗಾಂಧೀಜಿಯವರ ಗ್ರಾಮೋದ್ಯೋಗದ ಹುರುಪೂ ಅದಕ್ಕೆ ಕೂಡಿತು.

ಪೆಟ್ಟಿಗೆ ಬಂದ ಮಾತ್ರಕ್ಕೆ ಜೇನು ಸಾಕಣೆ ನಿಲ್ಲುತ್ತಿರಲಿಲ್ಲ. ಅದನ್ನು ನಿಲ್ಲಿಸಿದ್ದು ಸಂಘ. 1936ರಲ್ಲಿ ವಿರಾಜಪೇಟೆಯಲ್ಲಿ ಕೊಡಗು ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತು. ಪುತ್ತೂರಿನಲ್ಲಿ ದಕ್ಷಿಣ ಕನ್ನಡದ ಜೇನು ವ್ಯವಸಾಯಗಾರರೂ ತಮ್ಮ ಸಹಕಾರಿ ಸಂಘವನ್ನು ಕಟ್ಟಿಕೊಂಡರು. ಲೆಕ್ಕ ಹಾಕಿ ನೋಡಿ: ತುಡುವೆಯ ಒಂದು ಪೆಟ್ಟಿಗೆ ವರ್ಷಕ್ಕೆ ಕೊಡುವುದು ಐದಾರು ಕಿಲೋ ತುಪ್ಪ. ಎರಡು ಮೂರು ಪೆಟ್ಟಿಗೆ ಇಟ್ಟವನು ತಿರುಗಿಸುವ ಯಂತ್ರ ಕೊಳ್ಳುವುದು ಹೇಗೆ? ಅಷ್ಟು ತುಪ್ಪವನ್ನು ಹಿಡಿದು ಯಾವ ಪೇಟೆಗೆ ಹೋಗುವುದು? ಇದು ಶುದ್ಧವೆಂದು ಪೇಟೆಯವನು ನಂಬುವುದು ಹೇಗೆ? ಹನಿ ಹನಿಯಾಗಿ ಬಂದದ್ದನ್ನು ಒಂದೆಡೆ ಸೇರಿಸಿ, ಸೋಸಿ, ನೀರಿನಂಶ ನೋಡಿ, ಮುದ್ರೆ ಒತ್ತಿ ಮಾರುವುದಕ್ಕೆ ಹತ್ತಾರು ಹಳ್ಳಿಗಳು ಕೂಡಿದ ಒಂದು ಸಂಸ್ಥೆಯೇ ಬೇಕು. ಕೊಡಗಿನ ಜೇನು ಎಂಬ ಹೆಸರಿಗೆ ಬೆಲೆ ಬಂದದ್ದು ಹಾಗೆ.

ನಮ್ಮ ಬಾಲ್ಯ ಕಳೆದದ್ದು ಪುತ್ತೂರಿನ ಕಡೆ. ಅಡಿಕೆ ತೋಟದ ಅಂಚಿನಲ್ಲಿ, ಇರುವೆ ಹತ್ತದಂತೆ ನೀರಿನ ಬಟ್ಟಲಲ್ಲಿ ಕಾಲಿಟ್ಟು ನಿಂತ ಎರಡು ಪೆಟ್ಟಿಗೆಗಳು ಮನೆಯಲ್ಲಿದ್ದವು. ಪಂಚಾಂಗದ ವಸಂತ ಚೈತ್ರಕ್ಕೆ ಬಂದರೆ ಜೇನಿನ ವಸಂತ ಅದಕ್ಕೂ ಬಹಳ ಮುಂಚೆ. ಮಳೆಗಾಲದಲ್ಲಿ ಸೊರಗಿ, ಸಕ್ಕರೆ ಪಾಕದಲ್ಲಿ ಜೀವ ಹಿಡಿದ ಸಂಸಾರ, ದೀಪಾವಳಿ ಕಳೆಯುತ್ತಲೇ ಮೈತುಂಬಿಕೊಳ್ಳುತ್ತದೆ. ಪುಷ್ಯದ ಚಳಿಯಲ್ಲಿ ರಾಣಿ ಕೋಶಗಳು ಎರಿಯ ಕೆಳ ಅಂಚಿನಲ್ಲಿ ಕಡಲೆಕಾಯಿಯಂತೆ ಇಳಿಬೀಳುತ್ತವೆ. ಆಗ ಎಚ್ಚರ ಬೇಕು. ಹದಿನೈದು ಹದಿನಾರು ದಿನಗಳಲ್ಲಿ ಹೊಸ ರಾಣಿ ಹೊರಬರುತ್ತದೆ, ಅದಕ್ಕೂ ಮೊದಲೇ ಹಳೆಯ ರಾಣಿ ಅರ್ಧ ಸಂಸಾರವನ್ನು ಕಟ್ಟಿಕೊಂಡು ಹಾರಿಹೋಗುತ್ತದೆ. ತಿಳಿದವರು ಅದಕ್ಕೆ ಎಡೆಗೊಡದೆ ತಾವೇ ಪಾಲು ಮಾಡಿ, ಎರಡನೆಯ ಪೆಟ್ಟಿಗೆಯನ್ನು ನೆರೆಮನೆಗೆ ಕೊಡುತ್ತಿದ್ದರು. ಬೆಲೆ ಕೇಳುವುದು ಅಪರೂಪ. ಮುಂದಿನ ವರ್ಷ ನಮ್ಮದು ಖಾಲಿಯಾದರೆ ಅಲ್ಲಿಂದ ತರಬಹುದಲ್ಲ! ಆಮೇಲೆ ಮಾಘ ಫಾಲ್ಗುಣಗಳಲ್ಲಿ ರಬ್ಬರಿನ ಎಳೆ ಚಿಗುರಿನ ತೊಟ್ಟಿನಿಂದ ಒಸರುವ ಸಿಹಿ, ಕಾಡಿನ ಹೂ. ಕೊಡಗಿನಲ್ಲಾದರೆ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗುವ ಕಾಫಿ. ರೊಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗವೇ ಬೇಕು. ಅದಕ್ಕೆ ಗಾಳಿಯ ಜೊತೆ ನೊಣವೂ ದುಡಿಯುತ್ತದೆ.

ನೆರೆಮನೆಗೆ ಪೆಟ್ಟಿಗೆ ಕೊಡುವುದರಲ್ಲಿ ದಾಕ್ಷಿಣ್ಯಕ್ಕಿಂತ ಹೆಚ್ಚಿನದೊಂದು ಕಾರಣವಿತ್ತು. ರಾಣಿ ನೊಣ ಕೂಡುವುದು ಗೂಡಿನೊಳಗಲ್ಲ, ಆಕಾಶದಲ್ಲಿ, ಒಂದಲ್ಲ ಹತ್ತಾರು ಗಂಡು ನೊಣಗಳೊಡನೆ. ಅವು ಬೇರೆ ಬೇರೆ ಗೂಡುಗಳಿಂದ ಬಂದಿರಬೇಕು. ಸುತ್ತಮುತ್ತ ಬೇರೆ ಗೂಡುಗಳೇ ಇಲ್ಲವಾದರೆ ಒಂದೇ ರಕ್ತ ಬೆರೆತು, ಇಟ್ಟ ತತ್ತಿಗಳಲ್ಲಿ ಹಲವು ಹಾಳಾಗಿ, ಸಂಸಾರ ಕುಂದುತ್ತದೆ. ಒಂಟಿ ಪೆಟ್ಟಿಗೆಯವನು ತನಗರಿವಿಲ್ಲದೆಯೇ ಊರವರ ಪೆಟ್ಟಿಗೆಗಳನ್ನು ನಂಬಿದವನು. ಅವನ ನೊಣ ತರುವ ತುಪ್ಪವೂ ಪರರ ತೋಟದ್ದೇ.

ಈ ಒಡನಾಟವೇ ಒಮ್ಮೆ ಮುಳುವಾಯಿತು. 1976ರಲ್ಲಿ ಥಾಯ್ಲೆಂಡಿನಲ್ಲಿ ತುಡುವೆಯ ಮರಿಗಳಿಗೆ ಒಂದು ವೈರಸ್ ರೋಗ ಕಾಣಿಸಿತು. 1978ರ ಹೊತ್ತಿಗೆ ನಮ್ಮ ಈಶಾನ್ಯ ರಾಜ್ಯಗಳಿಗೆ, ಮುಂದೆ ಹಿಮಾಲಯದ ತಪ್ಪಲಿಗೆ, 1991-92ರಲ್ಲಿ ದಕ್ಷಿಣಕ್ಕೆ ಹಬ್ಬಿತು. ಮರಿಹುಳು ಗೂಡಿನೊಳಗೆ ತಲೆಯೆತ್ತಿ ದೋಣಿಯಂತೆ ಬಾಗಿ, ನೀರು ತುಂಬಿದ ಚೀಲವಾಗಿ ಸಾಯುತ್ತದೆ. ಕನ್ನಡದಲ್ಲಿ ಚೀಲ ಮರಿ ರೋಗವೆಂದು ಕರೆದರು. ಸತ್ತ ಮರಿಯನ್ನು ಹೊರಗೆಳೆಯುವ ನೊಣವೇ ರೋಗವನ್ನು ಮುಂದಿನ ಮರಿಗೆ ಉಣಿಸುತ್ತದೆ. ಪಾಲು ಮಾಡಿ ಕೊಟ್ಟ ಪೆಟ್ಟಿಗೆ, ಎರವಲು ಕೊಟ್ಟ ಎರಿ, ದುರ್ಬಲ ಗೂಡಿಗೆ ನುಗ್ಗಿ ತುಪ್ಪ ಕದ್ದ ನೆರೆಯ ನೊಣ, ಹೂ ಹುಡುಕಿ ಲಾರಿಯಲ್ಲಿ ಸಾಗಿಸಿದ ಗೂಡು, ಎಲ್ಲವೂ ರೋಗಕ್ಕೆ ದಾರಿಯಾದವು. ಔಷಧ ಇರಲಿಲ್ಲ. ದಕ್ಷಿಣದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗೂಡುಗಳು ನಾಶವಾದವೆಂದು ತಜ್ಞರು ಹೇಳುತ್ತಾರೆ.

ಆಗ ನಾವು ಊರು ಬಿಟ್ಟು ಬಂದು ವರ್ಷಗಳಾಗಿದ್ದವು. ಊರಿನಿಂದ ಬಂದ ಇನ್‌ಲೆಂಡ್ ಕಾಗದದ ಮಡಿಕೆಯಲ್ಲಿ, ಮದುವೆ ಮುಂಜಿಯ ಸುದ್ದಿಯೆಲ್ಲ ಮುಗಿದ ಮೇಲೆ, ಎರಡೂ ಪೆಟ್ಟಿಗೆ ಖಾಲಿ, ಸುತ್ತಲಿನ ಮನೆಗಳಲ್ಲೂ ಖಾಲಿ ಎಂದು ಒಂದೇ ಸಾಲು ಇತ್ತು. ಆ ಬೇಸಗೆಯಲ್ಲಿ ಹೋದಾಗ ಪೆಟ್ಟಿಗೆಗಳು ಕೊಟ್ಟಿಗೆಯ ಅಟ್ಟ ಸೇರಿದ್ದವು. ತೋಟದಲ್ಲಿ ಸದ್ದೇ ಇರಲಿಲ್ಲ. ಸದ್ದು ಇಲ್ಲವೆಂಬುದು ಕಿವಿಗೆ ಬೀಳಲು ಎರಡು ದಿನ ಬೇಕಾಯಿತು, ಅದು ಬೇರೆ ಮಾತು.

ಮುಂದೆ ಜೇನು ಮರಳಿದ್ದು ಯಾವ ಪವಾಡದಿಂದಲೂ ಅಲ್ಲ. ಕಾಡಿನ ಪೊಟರೆಗಳಲ್ಲಿ ಒಂದೊಂದು ಗೂಡು ರೋಗವನ್ನು ತಾಳಿಕೊಂಡು ಉಳಿದಿತ್ತು. ಸಾಕುವವರಲ್ಲೂ ಹಲವರ ಒಂದೆರಡು ಪೆಟ್ಟಿಗೆ ಉಳಿದಿದ್ದವು. ಎಲ್ಲಿ ಉಳಿದಿದೆ, ಯಾರ ಮನೆಯಲ್ಲಿ ಬದುಕಿದೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹೋಗಬೇಕಿತ್ತು. ರೋಗ ತಗಲಿದ ಗೂಡಿನಿಂದ ರಾಣಿಯನ್ನು ಕೆಲವು ದಿನ ಬೇರೆಯಿರಿಸಿ, ತತ್ತಿಯಿಲ್ಲದ ಬಿಡುವಿನಲ್ಲಿ ಗೂಡು ಶುದ್ಧವಾಗಲು ಬಿಡುವುದು, ಎರಿಗಳನ್ನು ಒಬ್ಬರಿಂದೊಬ್ಬರು ತೆಗೆದುಕೊಳ್ಳದಿರುವುದು, ಬದುಕಿದ ಗೂಡಿನ ರಾಣಿಯಿಂದಲೇ ಮರಿ ಮಾಡಿಸಿ ಹಂಚುವುದು, ಹೀಗೆ ಕೊಡುಕೊಳ್ಳುವುದರ ನಿಯಮವನ್ನೇ ಹೊಸದಾಗಿ ಕಲಿಯಬೇಕಾಯಿತು. ರೋಗ ಪೂರ್ತಿ ಹೋಗಿಲ್ಲ, ಈಗಲೂ ಆಗಾಗ ತಲೆಯೆತ್ತುತ್ತದೆ. ಆದ್ದರಿಂದಲೇ ನೆರೆಯವನ ಗೂಡಿನ ಸಮಾಚಾರ ಮೊದಲಿಗಿಂತ ಹೆಚ್ಚು ಬೇಕಾಗಿದೆ. ತನ್ನ ಗೂಡಿಗೆ ರೋಗ ಬಂದದ್ದನ್ನು ಮುಚ್ಚಿಡುವವನೇ ಊರಿಗೆ ದೊಡ್ಡ ಕೇಡು ಎಂಬುದು ನಮ್ಮ ಅಭಿಪ್ರಾಯ.

ವೈಜಾಪುರದ ಬದುವಿನ ಮೇಲೆ ನಾವು ಕಂಡ ನೊಣ ನಮ್ಮ ತುಡುವೆಯಲ್ಲ. ಅದು ಇಟಲಿಯ ಜಾತಿ. 1962ರಿಂದ ಎರಡು ಮೂರು ವರ್ಷಗಳಲ್ಲಿ, ಈಗ ಹಿಮಾಚಲಕ್ಕೆ ಸೇರಿರುವ ನಗ್ರೋಟದಲ್ಲಿ ನೆಲೆಯೂರಿಸಿದ್ದು, ಅಲ್ಲಿಂದ ದೇಶವೆಲ್ಲ ಹರಡಿತು. ದೊಡ್ಡ ಸಂಸಾರ, ಹೆಚ್ಚು ತುಪ್ಪ, ಲಾರಿಯ ಪ್ರಯಾಣಕ್ಕೆ ಬಗ್ಗುವ ಸ್ವಭಾವ. ಅದೇ 1962ರಲ್ಲಿ ಪುಣೆಯಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರ ಜೇನು ಸಂಶೋಧನಾ ಸಂಸ್ಥೆ ತೆರೆಯಿತು. ತುಡುವೆಯನ್ನು ಬಿಡದೆ ಹಿಡಿದ ಊರುಗಳೂ ಮಹಾರಾಷ್ಟ್ರದಲ್ಲಿವೆ. ಮಹಾಬಳೇಶ್ವರದ ಹತ್ತಿರದ ಮಾಂಘರ್ ಹಳ್ಳಿಯನ್ನು 2022ರ ಮೇ ತಿಂಗಳಲ್ಲಿ ದೇಶದ ಮೊದಲ ಜೇನಿನ ಗ್ರಾಮವೆಂದು ಸಾರಿದರು.

ಪೆಟ್ಟಿಗೆ ಕಾಯುತ್ತಿದ್ದ ತರುಣನೊಡನೆ ನಮ್ಮ ಮುರುಕು ಮರಾಠಿಯಲ್ಲಿ ಮಾತಾಡಿದೆವು. ಅವನ ಚಿಂತೆ ತುಪ್ಪದ್ದಲ್ಲ, ಪಕ್ಕದ ಹೊಲದ್ದು. ಈರುಳ್ಳಿಗೆ ನುಸಿ ಬಿದ್ದರೆ ಔಷಧ ಹೊಡೆಯದೆ ವಿಧಿಯಿಲ್ಲ. ಹೂ ಅರಳಿದ ಹಗಲಿನಲ್ಲಿ ಹೊಡೆದರೆ ಹಾರಿಹೋದ ನೊಣ ಮರಳುವುದಿಲ್ಲ, ಕತ್ತಲಾದ ಮೇಲೆ ಹೊಡೆದರೆ ಬಹುಪಾಲು ಉಳಿಯುತ್ತದೆ. ಪೆಟ್ಟಿಗೆ ಇಳಿಸಿದ ಮೊದಲ ದಿನವೇ ಸುತ್ತಲಿನ ಏಳು ಮನೆಗಳಿಗೆ ಹೋಗಿ, ಹೊಡೆಯುವ ಹಿಂದಿನ ದಿನ ಒಂದು ಮಾತು ಹೇಳಿ ಎಂದು ಕೇಳಿಕೊಂಡು ಬಂದಿದ್ದನಂತೆ. ಆರು ಮನೆಯವರು ಒಪ್ಪಿದ್ದರು. ಏಳನೆಯವರು ಮನೆಯಲ್ಲಿರಲಿಲ್ಲ, ಸಂಜೆ ಮತ್ತೆ ಹೋಗಬೇಕು ಎಂದ. ನಮ್ಮ ಬಸ್ಸು ಹೊರಟಾಗ ಅವನು ಚಪ್ಪಲಿ ಮೆಟ್ಟಿಕೊಂಡು ಆ ಕಡೆ ನಡೆಯುತ್ತಿದ್ದ.