ಮಾರ್ಕ್ವೆಸ್ ಕಾರ್ನ್‌ವಾಲಿಸ್

ಮಾರ್ಕ್ವೆಸ್ (ನಾ.): ಇಂಗ್ಲೆಂಡಿನ ಕುಲೀನ ಬಿರುದು, ಡ್ಯೂಕ್‌ಗಿಂತ ಕೆಳಗೆ, ಅರ್ಲ್‌ಗಿಂತ ಮೇಲೆ. ಮೂಲ ‘ಮಾರ್ಚ್’, ಅಂದರೆ ಗಡಿಸೀಮೆ. ಗಡಿ ಕಾಯುವ ಸರದಾರನಿಗೆ ಸಲ್ಲುತ್ತಿದ್ದ ಹೆಸರು ಬರಬರುತ್ತ ಬರೀ ಗೌರವಸೂಚಕವಾಯಿತು. 1385ರಲ್ಲಿ ರಾಬರ್ಟ್ ಡಿ ವೇರ್ ಇಂಗ್ಲೆಂಡಿನ ಮೊದಲ ಮಾರ್ಕ್ವೆಸ್ ಆದ.

ನಮಗೆ ಹತ್ತಿರದ್ದು ಕಾರ್ನ್‌ವಾಲಿಸ್ ಬಿರುದು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಮೈಸೂರಿನ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಟ್ಟ. ಅದೇ ವರ್ಷ, ಅವನನ್ನು ಸೋಲಿಸಿದ ಗವರ್ನರ್ ಜನರಲ್ ಅರ್ಲ್ ಚಾರ್ಲ್ಸ್ ಕಾರ್ನ್‌ವಾಲಿಸ್ ಮಾರ್ಕ್ವೆಸ್ ಆದ. 1805ರಲ್ಲಿ ಆತ ಗಾಜಿಪುರದಲ್ಲಿ ತೀರಿಕೊಂಡಾಗ ಬಿರುದು ಮಗನಿಗೆ ಬಂತು. 1823ರಲ್ಲಿ ಆ ಮಗನೂ ಸತ್ತ. ಹೆಣ್ಣುಮಕ್ಕಳಿದ್ದರೂ ಗಂಡುಸಂತಾನವಿಲ್ಲದೆ ಮಾರ್ಕ್ವೆಸ್ ಬಿರುದು ಅಳಿಯಿತು. ಅರ್ಲ್ ಪದವಿ ಚಿಕ್ಕಪ್ಪ ಬಿಷಪ್ ಜೇಮ್ಸ್‌ಗೆ ಹೋಗಿ, ಅವನ ಮಗನೊಂದಿಗೆ 1852ರಲ್ಲಿ ಮುಗಿಯಿತು. ಮೈಸೂರಿನ ಸೋಲಿನ ಬೆನ್ನಿಗೇ ಬಂದ ಬಿರುದಿದು; ಇದರ ಕಥೆ ನಾವು ತಿಳಿದಿರಲೇಬೇಕು.