ಆಲ್ಬುಕರ್ಕಿ ಫ್ಲೂ ಮಾದರಿ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರದ ಲಾರಾ ಗ್ಲಾಸ್ ಎಂಬ ಶಾಲಾ ವಿದ್ಯಾರ್ಥಿನಿಯ ವಿಜ್ಞಾನ ಪ್ರಾಜೆಕ್ಟಿನಿಂದ ಬೆಳೆದ ಕಂಪ್ಯೂಟರ್ ಮಾದರಿ. ಫ್ಲೂ ಒಂದು ಊರಿನಲ್ಲಿ ಹೇಗೆ ಹಬ್ಬುತ್ತದೆ, ಲಸಿಕೆಯಿಲ್ಲದೆ ಅದನ್ನು ಹೇಗೆ ತಡೆಯಬಹುದು ಎಂಬುದು ಇದರ ವಿಷಯ. ಲಾರಾ, ಆಕೆಯ ತಂದೆಯೂ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಯೂ ಆದ ರಾಬರ್ಟ್ ಗ್ಲಾಸ್ ಮತ್ತು ಇನ್ನಿಬ್ಬರು ಸಂಶೋಧಕರ ಪ್ರಬಂಧವಾಗಿ 2006ರ ನವೆಂಬರಿನಲ್ಲಿ ‘ಎಮರ್ಜಿಂಗ್ ಇನ್ಫೆಕ್ಷಿಯಸ್ ಡಿಸೀಸಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಸಾಂಕ್ರಾಮಿಕಗಳ ಗಣಿತ ಇದಕ್ಕಿಂತ ಬಹಳ ಹಳೆಯದು. ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬ ಸಂಶೋಧಕರು 1927ರಲ್ಲಿ ತಮ್ಮ ಪ್ರಸಿದ್ಧ ಸಮೀಕರಣವನ್ನು 1905–06ರ ಮುಂಬಯಿ ಪ್ಲೇಗಿನ ಸಾವುಗಳ ಲೆಕ್ಕಕ್ಕೆ ತಾಳೆ ಹಾಕಿದ್ದರು. ಅಂಥ ಸಮೀಕರಣದಲ್ಲಿ ಊರಿನವರೆಲ್ಲ ಒಬ್ಬರನ್ನೊಬ್ಬರು ಒಂದೇ ಪ್ರಮಾಣದಲ್ಲಿ ಸಂಧಿಸುತ್ತಾರೆ. ನಿಜವಾದ ಊರಿನಲ್ಲಿ ಹಾಗಾಗುವುದಿಲ್ಲ. ಅಜ್ಜಿ ಸಂಧಿಸುವವರೇ ಬೇರೆ, ಮೊಮ್ಮಗಳು ಸಂಧಿಸುವವರೇ ಬೇರೆ.

ಆಲ್ಬುಕರ್ಕಿ ಮಾದರಿ ಹಿಡಿದದ್ದು ಈ ವ್ಯತ್ಯಾಸವನ್ನು. ಅದರಲ್ಲಿ 10,000 ಜನರ ಒಂದು ಕಲ್ಪಿತ ಪಟ್ಟಣವಿದೆ. ಪ್ರತಿಯೊಬ್ಬರಿಗೂ ಮನೆ, ತರಗತಿ ಅಥವಾ ಕೆಲಸದ ಜಾಗ, ಬಂಧುಬಳಗ ಹೀಗೆ ತಮ್ಮದೇ ಸಂಪರ್ಕಜಾಲ. ಹದಿಹರೆಯದವರು ಪೀರಿಯಡ್ಡಿಗೊಂದು ತರಗತಿಗೆ ಹೋಗಿ ಬೇರೆಬೇರೆ ಸಹಪಾಠಿಗಳ ಜೊತೆ ಕೂರುತ್ತಾರೆ. ಸೋಂಕು ತಗುಲಿದವರು ಮೊದಲು ಕೆಲಕಾಲ ಯಾರಿಗೂ ಹರಡುವುದಿಲ್ಲ, ಆಮೇಲೆ ಹರಡತೊಡಗುತ್ತಾರೆ. ಕೆಲವರಿಗೆ ಲಕ್ಷಣವೇ ಕಾಣದು. ವೈರಸ್ಸಿನ ಈ ಜೀವಶಾಸ್ತ್ರವನ್ನು ಜನರ ದಿನಚರಿಯ ಮೇಲೆ ಓಡಿಸಿ ನೋಡಿದಾಗ ಮಕ್ಕಳು ಮತ್ತು ಹದಿಹರೆಯದವರೇ ಹರಡುವಿಕೆಯ ಬೆನ್ನೆಲುಬಾಗಿ ಕಂಡರು. 1957–58ರ ಏಷ್ಯನ್ ಫ್ಲೂನಷ್ಟು ಸುಲಭವಾಗಿ ಹರಡುವ ರೋಗ ಪಟ್ಟಣದ ಸುಮಾರು ಅರ್ಧ ಜನರಿಗೆ ತಗುಲುತ್ತಿತ್ತು. ಶಾಲೆ ಮುಚ್ಚಿ ಮಕ್ಕಳನ್ನೂ ಹದಿಹರೆಯದವರನ್ನೂ ಮನೆಯಲ್ಲೇ ಇರಿಸಿದರೆ ಆ ಪ್ರಮಾಣ ಶೇ 90ಕ್ಕೂ ಹೆಚ್ಚು ಇಳಿಯಿತು.

ಶಾಲೆಯ ಸಂಪರ್ಕಗಳ ವಿಷಯದಲ್ಲಿ ವಿದ್ಯಾರ್ಥಿಗಿಂತ ಚೆನ್ನಾಗಿ ಬಲ್ಲವರು ಯಾರು? ಪ್ರಾಜೆಕ್ಟಿನ ನಿಜವಾದ ಬಲ ಅಲ್ಲಿದೆ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2007ರ ಫೆಬ್ರುವರಿಯಲ್ಲಿ ಹೊರಡಿಸಿದ ಫ್ಲೂ ಮಾರ್ಗಸೂಚಿಯಲ್ಲಿ ಶಾಲೆ ಮುಚ್ಚುವ ಕ್ರಮವೂ ಸೇರಿತ್ತು. ಆದರೆ ಸಿಡುಬು ನಿರ್ಮೂಲನದ ಮುಂದಾಳು ಡೊನಾಲ್ಡ್ ಹೆಂಡರ್ಸನ್ ಮತ್ತು ಸಂಗಡಿಗರು 2006ರಲ್ಲೇ ಇಂಥ ಕ್ರಮಗಳ ಬಗ್ಗೆ ಆಕ್ಷೇಪ ಎತ್ತಿದ್ದರು: ಜನಜೀವನ ಆದಷ್ಟು ಕಡಿಮೆ ಕದಡಿದರೆ ಸಮಾಜ ಸಾಂಕ್ರಾಮಿಕವನ್ನು ಚೆನ್ನಾಗಿ ಎದುರಿಸುತ್ತದೆ ಎಂಬುದು ಅವರ ವಾದ. ಮಾದರಿಯ ಶೇ 90ರ ಅಂಕಿಯೂ ಎಲ್ಲ ರೋಗಕ್ಕೆ ಸಲ್ಲದು. ಸೋಂಕು ಇನ್ನೂ ಸುಲಭವಾಗಿ ಹರಡುವಂಥದ್ದಾಗಿದ್ದರೆ ಅಥವಾ ಮಕ್ಕಳಿಂದಲೇ ಹೆಚ್ಚಾಗಿ ಹರಡದಿದ್ದರೆ ವಯಸ್ಕರನ್ನೂ ಕೆಲಸದ ಜಾಗಗಳನ್ನೂ ನಿರ್ಬಂಧಿಸಬೇಕಾಗುತ್ತದೆ ಎಂದು ಪ್ರಬಂಧವೇ ಹೇಳಿದೆ.